ಊಟದ ಮೇಜಿನ ಪಟ್ಟಣಕ್ಕೆ ಮಂಜೂರಾತಿ

ನಮ್ಮ ಪಟ್ಟಣ ಯೋಜನಾ ಕಚೇರಿ ಹುಟ್ಟಿದಾಗಿನಿಂದ ಈವರೆಗೆ, ನಕ್ಷೆಯಲ್ಲಿದ್ದಂತೆಯೇ ಕಟ್ಟಿ ಮುಗಿದ ಪಟ್ಟಣ ಒಂದೇ ಒಂದು. ಅದರ ಉದ್ದ ಐದು ಅಡಿ, ಅಗಲ ಮೂರು ಅಡಿ. ಉತ್ತರಕ್ಕೆ ಅಡುಗೆಮನೆ, ದಕ್ಷಿಣಕ್ಕೆ ಕಿಟಕಿ, ಪೂರ್ವಕ್ಕೆ ಬಟ್ಟೆಯ ಬೀರು, ಪಶ್ಚಿಮಕ್ಕೆ ಓಡಾಡುವ ದಾರಿ. ಚಕ್ಕುಬಂದಿಯಲ್ಲಿ ತಕರಾರಿಲ್ಲ.

ಕಟ್ಟಿದವರು ನಮ್ಮಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದು ನಿವೃತ್ತರಾದ ನಕ್ಷೆ ಮೇಷ್ಟ್ರು. ಪಾಠ ಹೇಳಿದವರೇನಲ್ಲ, ಗೆರೆ ಸೊಟ್ಟಗಾದರೆ ಯಾರೆನ್ನದೆ ಬೈಯುತ್ತಿದ್ದರು, ಅದಕ್ಕೇ ಆ ಹೆಸರು. ತಾವು ಬರೆದ ಪ್ರತಿ ಬಡಾವಣೆಯ ನಡುವೆ ಅವರು ಒಂದು ಚೌಕವನ್ನು ಖಾಲಿ ಬಿಡುತ್ತಿದ್ದರು, ಜನ ಸುಮ್ಮನೆ ಕೂತು ಹೋಗಲಿ ಅಂತ. ನಕ್ಷೆ ಮೇಲಿನವರ ಮೇಜಿಗೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಏನಾದರೊಂದು ಎದ್ದು ನಿಂತಿರುತ್ತಿತ್ತು. ನಿವೃತ್ತಿಯ ದಿನ ನಾವು ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಅವರು ಹೇಳಿದ್ದು ಒಂದೇ ಮಾತು: "ಒಂದಾದ್ರೂ ಊರು ಬರೆದ ಹಾಗೆ ಆಗ್ಬೇಕಿತ್ತು ಕಣಯ್ಯಾ."

ಹೀಗಾಗಿ ಅವರು ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದರು. ಊರು ಅವರ ತಲೆಯೊಳಗಿನದು. ರೆಕ್ಕೆಯ ಹಡಗುಗಳು ಬಂದಿಳಿಯುವ ಬಂದರು, ಸೀಸೆಯಲ್ಲಿ ತುಂಬಿದ ಬಿರುಗಾಳಿಯನ್ನೂ ಗಜದ ಲೆಕ್ಕದಲ್ಲಿ ಬೆಳದಿಂಗಳನ್ನೂ ಮಾರುವ ಅಂಗಡಿಗಳು. ಮನೆ ಎಂದರೆ ಬೆರಳ ತುದಿಯಷ್ಟು ಬಿಳಿ ಇಟ್ಟಿಗೆ, ಅದರ ಮೇಲೊಂದು ಇಳಿಜಾರಾದ ಕೆಂಪು ಚೂರು. ಇಂಥ ಮನೆಗಳು ನಾನೂರ ಹನ್ನೆರಡು. ನಡುವೆ ಒಂದಡಿ ಉದ್ದಗಲದ ಹಳದಿ ಚೌಕ, ಖಾಲಿ.

ಆದರೆ ಅದು ಮೂವತ್ತೊಂದು ವರ್ಷ ಪಳಗಿದ ಕೈ. ಮಂಜೂರಾದ ನಕ್ಷೆಯಿಲ್ಲದೆ ಮೊದಲ ಇಟ್ಟಿಗೆ ಇಡಲು ಅದು ಒಪ್ಪಲೇ ಇಲ್ಲ. ಮೇಷ್ಟ್ರು ನಮೂನೆ ಏಳನ್ನು ಮೂರು ಪ್ರತಿಯಲ್ಲಿ ತುಂಬಿ ನನ್ನ ಮೇಜಿಗೆ ತಂದುಕೊಟ್ಟರು. ನಾನು ಅರ್ಜಿ ತೆಗೆದುಕೊಳ್ಳುವ ಗುಮಾಸ್ತ. ಎಲ್ಲ ಕಲಮುಗಳೂ ತುಂಬಿದ್ದವು. ಕಟ್ಟಡದೊಳಗೆ ಮನುಷ್ಯ ಹಿಡಿಸಬೇಕೆಂದು ಯಾವ ಕಲಮೂ ಕೇಳುವುದಿಲ್ಲ. 'ಸ್ಥಳ' ಎಂಬಲ್ಲಿ 'ನಮ್ಮ ಮನೆ ಊಟದ ಮೇಜು' ಎಂದಿತ್ತು. ಮೊಹರು ಒತ್ತಿದೆ.

ನಿಯಮದಂತೆ ಸಾರ್ವಜನಿಕ ಪ್ರಕಟಣೆ ಹೊರಟಿತು. ಬಂದ ಆಕ್ಷೇಪಣೆ ಒಂದೇ, ಮೇಷ್ಟ್ರ ಹೆಂಡತಿಯದು. ನಮ್ಮ ಕಚೇರಿಯ ಸಾಹೇಬರು ವಿಚಾರಣೆ ನಡೆಸಿದರು.

"ಮೇಜಿನ ತುಂಬ ಗೆರೆ ಎಳೆದಿಟ್ಟಿದಾರೆ ಸಾಹೇಬ್ರೇ. ಹದಿನೈದು ದಿನದಿಂದ ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಾ ಇದೀನಿ."

"ತಾವು ಸದರಿ ಪಟ್ಟಣದ ನಿವಾಸಿಯೇನಮ್ಮಾ?"

"ಅಲ್ಲಪ್ಪ, ಆ ಮನೆಯವಳು."

"ನಿವಾಸಿಗಳಿಗೆ ಮಾತ್ರ ಆಕ್ಷೇಪಣೆಯ ಹಕ್ಕಿದೆ," ಎಂದು ಸಾಹೇಬರು ಅರ್ಜಿಯನ್ನು ವಜಾ ಮಾಡಿ ತಾತ್ಕಾಲಿಕ ಅನುಮತಿ ಕೊಟ್ಟರು. ಆಕೆ ಸಾಹೇಬರನ್ನೂ ನನ್ನನ್ನೂ ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಹೋದರು.

ಮೂರು ತಿಂಗಳಲ್ಲಿ ಊರು ಎದ್ದಿತು. ಸಾಹೇಬರು ಟೇಪು, ಭೂತಗನ್ನಡಿ ಸಮೇತ ಸ್ಥಳ ಪರಿಶೀಲನೆಗೆ ಬಂದರು. ಹಿಂದೆ ನಾನು, ಕಡತ ಹಿಡಿದುಕೊಂಡು.

"ಈ ರಸ್ತೇಲಿ ಅಗ್ನಿಶಾಮಕದ ಗಾಡಿ ಹೋಗುತ್ತಾ?"

ಮೇಷ್ಟ್ರು ಎಳ್ಳಿನಷ್ಟು ಕೆಂಪು ಚೂರೊಂದನ್ನು ಬೀದಿಯಲ್ಲಿಟ್ಟು ಉಫ್ ಎಂದು ಊದಿದರು. ಅದು ಬಂದರಿನವರೆಗೂ ಹೋಯಿತು. 'ಸರಾಗವಾಗಿ ಹೋಗುತ್ತದೆ' ಎಂದು ಬರೆದುಕೊಂಡೆ.

ಆಮೇಲೆ ಸಾಹೇಬರು ದನಿ ತಗ್ಗಿಸಿದರು. "ಬಂದರಿನ ಎದುರು ಮೂಲೆ ಸೈಟು ಯಾರಿಗೂ ಆಗಿಲ್ವಾ? ನಮ್ಮ ಭಾಮೈದ ಒಬ್ಬ ಇದಾನೆ."

"ಅದು ಒಂದು ಬೆರಳಗಲವೂ ಇಲ್ಲ ಸಾರ್," ಎಂದರು ಮೇಷ್ಟ್ರು.

"ಮೂಲೆ ಸೈಟು ತಾನೆ?"

ವಿಷಯ ಕಚೇರಿ ತುಂಬ ಹಬ್ಬಿತು. 'ಬೇರೆಡೆ ನಿವೇಶನ ಇಲ್ಲದವರಿಗೆ ಮಾತ್ರ' ಎಂಬ ನಿಯಮವನ್ನು 'ಇಷ್ಟು ಚಿಕ್ಕ ನಿವೇಶನ ಇಲ್ಲದವರಿಗೆ ಮಾತ್ರ' ಎಂದು ತಿದ್ದಲಾಯಿತು. ಕೂಡಲೇ ಎಲ್ಲರೂ ಅರ್ಹರಾದರು. ಕಚೇರಿಯ ಮುಂದೆ ಸಾಲು ಬೀದಿಯ ತಿರುವು ದಾಟಿತು. ಮೂರೇ ವಾರದಲ್ಲಿ ನಾನೂರ ಹನ್ನೆರಡು ಮನೆಗಳೂ ಹಂಚಿಹೋದವು. ಆಗ ಎಲ್ಲರ ಕಣ್ಣೂ ಚೌಕದ ಮೇಲೆ ಬಿತ್ತು.

"ಅದು ಖಾಲಿ ಇರ್ಲಿ ಸಾರ್," ಎಂದರು ಮೇಷ್ಟ್ರು. "ವ್ಯಾಪಾರಿಗಳು ಮೂಟೆ ಇಳಿಸಿ ಒಂದು ಗಳಿಗೆ ಕೂರೋದಕ್ಕೆ. ಊರು ಕಟ್ಟಿದ್ದೇ ಅದಕ್ಕೆ."

"ಖಾಲಿ ಇದೆ ಅಂದ್ರೆ ಇನ್ನೂ ಮಂಜೂರಾಗಿಲ್ಲ ಅಂತ ಮೇಷ್ಟ್ರೇ."

ಆದೇಶ ಹೊರಟಿತು. ಚೌಕದಲ್ಲಿ ನಮ್ಮ ಶಾಖಾ ಕಚೇರಿ, ಅಧಿಕಾರಿಗಳ ವಿಶ್ರಾಂತಿ ಗೃಹ, ಕಾವಲು ಕೋಣೆ, ಹಾಗೂ ಖಾಲಿ ಜಾಗಗಳ ಸಂರಕ್ಷಣಾ ಘಟಕ ತಲೆಯೆತ್ತತಕ್ಕದ್ದು. ತಪ್ಪಿದಲ್ಲಿ ಇಡೀ ಪಟ್ಟಣವನ್ನು ಅನಧಿಕೃತವೆಂದು ಬಗೆದು ಚೀಲಕ್ಕೆ ತುಂಬತಕ್ಕದ್ದು. ಮೇಷ್ಟ್ರು ನಾಲ್ಕು ಬೂದು ಇಟ್ಟಿಗೆಗಳನ್ನು ತಾವೇ ಇಟ್ಟರು. ಒಂದು ಸೊಟ್ಟಗೆ ಕೂತಿತು. ಅದನ್ನು ಸರಿಪಡಿಸಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಆ ಊರಿನ ಗಡಿಯಾರ ಗೋಪುರದ ಹಿಂದೆ ನನಗೂ ಒಂದು ಮನೆ ಆಗಿತ್ತಲ್ಲ, 'ಆದೇಶ ಪಾಲನೆಯಾಗಿದೆ' ಎಂದು ಬರೆದುಕೊಂಡೆ.

ಮೂರನೇ ದಿನ ಮೇಷ್ಟ್ರ ಹೆಂಡತಿ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅವರು ಸರಿಯಾಗಿ ಊಟ ಮಾಡಿ ಮೂರು ದಿನ ಆಯ್ತು. ಒಂದು ನಮೂನೆ ಏಳು ಕೊಡಪ್ಪ."

"ಈಗ ನಿವಾಸಿಗಳಿಗೆ ಮಾತ್ರ ಅಮ್ಮ."

ಆಕೆ ಚೀಲದಿಂದ ಹಂಚಿಕೆ ಪತ್ರ ತೆಗೆದು ಹರವಿದರು. ಮನೆ ಸಂಖ್ಯೆ ಮುನ್ನೂರ ಎಂಟು. "ನಾನೂ ಸಾಲಲ್ಲಿ ನಿಂತಿದ್ದೆ," ಎಂದರು.

ಅರ್ಜಿ ಅಚ್ಚುಕಟ್ಟಾಗಿತ್ತು. ಕಟ್ಟಡದ ಆಕಾರ: ದುಂಡು. ವ್ಯಾಸ: ಹನ್ನೊಂದು ಅಂಗುಲ. ಎತ್ತರ: ಮುಕ್ಕಾಲು ಅಂಗುಲ. ಸಾಮಗ್ರಿ: ಉಕ್ಕು. ಸ್ಥಳ: ಚೌಕ. ಬಳಕೆ: ಪ್ರತಿದಿನ ಮಧ್ಯಾಹ್ನ ಒಂದರಿಂದ ಎರಡು. ಉಳಿದ ವೇಳೆ ಕಟ್ಟಡವನ್ನು ಎತ್ತಿ ತೊಳೆದಿಡಲಾಗುವುದು.

ಸಾಹೇಬರು ಪಟ್ಟಣದ ಅಳತೆಯಲ್ಲಿ ಲೆಕ್ಕ ಹಾಕಿ, ಕುರ್ಚಿಯಿಂದ ಅರ್ಧ ಎದ್ದರು. "ಏಳುನೂರು ಅಡಿ ಅಗಲ! ಅದೂ ಪೂರ್ತಿ ಉಕ್ಕು! ಇಷ್ಟು ದೊಡ್ಡ ಕಟ್ಟಡ ನಮ್ಮ ಕಚೇರಿಗೆ ಯಾವತ್ತಾದ್ರೂ ಬಂದಿತ್ತೇನಯ್ಯಾ? ಉದ್ಘಾಟನೆ ಯಾರು ಮಾಡ್ತಾರೆ?"

"ತಾವೇ ಮಾಡ್ಬೇಕು," ಎಂದರು ಆಕೆ.

ಅಡ್ಡ ಬರುತ್ತಿದ್ದ ನಾಲ್ಕೂ ಕಚೇರಿಗಳನ್ನು ಅಂದೇ ತೆರವುಗೊಳಿಸಲಾಯಿತು. ಖಾಲಿ ಜಾಗಗಳ ಸಂರಕ್ಷಣಾ ಘಟಕವನ್ನು ಮೇಷ್ಟ್ರು ಉಗುರಿನಿಂದ ಮೀಟಿ ತೆಗೆದರು. ಸಾಹೇಬರು ದಾರ ಕತ್ತರಿಸಿದರು, ತಟ್ಟೆ ಚೌಕದಲ್ಲಿ ಕೂತಿತು. ಒಂದು ಚೌಕಕ್ಕೆ ಒಂದೇ ತಟ್ಟೆ ಎಂಬುದು ಷರತ್ತಾದ್ದರಿಂದ, ಮೊದಲು ಆಕೆ ಉಂಡರು. ಆಮೇಲೆ ಮೇಷ್ಟ್ರು ಉಂಡರು, ಎರಡು ಸಲ ಬಡಿಸಿಕೊಂಡು. ಸರಿಯಾಗಿ ಎರಡು ಗಂಟೆಗೆ ಆಕೆ ಕಟ್ಟಡವನ್ನು ಎತ್ತಿಕೊಂಡು ಒಳಗೆ ಹೋದರು.

ಹಳದಿ ಚೌಕ ಖಾಲಿಯಾಗಿತ್ತು. ಮೇಷ್ಟ್ರು ತಮ್ಮ ನಕ್ಷೆಯನ್ನು ಪಕ್ಕದಲ್ಲಿ ಹಿಡಿದು ಗೆರೆ ಗೆರೆಯನ್ನೂ ತಾಳೆ ನೋಡಿದರು. ಕಣ್ಣು ತುಂಬಿ ಬಂದಿತ್ತು.

"ಬರೆದ ಹಾಗೇ ಇದೆ ಕಣೇ," ಎಂದು ಕೂಗಿದರು.

"ಕೈ ತೊಳ್ಕೊಳ್ಳಿ ಮೊದ್ಲು," ಎಂದರು ಆಕೆ ಒಳಗಿಂದ.

ಪಟ್ಟಣ ಪೂರ್ಣಗೊಂಡ ಪ್ರಮಾಣಪತ್ರಕ್ಕೆ ನಾನೇ ಮೊಹರು ಒತ್ತಿದೆ. ಈಗ ಎಲ್ಲವೂ ಕ್ರಮವಾಗಿ ನಡೆದಿದೆ. ಸಾಹೇಬರ ಭಾಮೈದ ಬಂದರಿನ ಎದುರಿನ ಮನೆಯನ್ನು ತೋರಿಸಲು ಬೀಗರನ್ನು ಕರೆತರುತ್ತಾನೆ. ರಜೆಯ ದಿನ ನಾನೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆ ನೋಡಿ ಬರುತ್ತೇನೆ. ಒಂದರಿಂದ ಎರಡರವರೆಗೆ ತಟ್ಟೆಯ ನೆರಳು ಸ್ವಲ್ಪ ಬೀಳುತ್ತದೆ, ಸುಳ್ಳು ಹೇಳಬಾರದು. ಎರಡರ ನಂತರ ಗಾಳಿ ಬೆಳಕು ಚೆನ್ನಾಗಿದೆ.