ಬುಟ್ಟಿಯ ಮೇಲಿನ ಕಟ್ಟು

ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು, ವಾದಿರಾಜನ ನಿದ್ದೆ ಹೋಯಿತು. ಉದ್ಯಮಶೀಲತೆ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾಲೇಜಿನ ಸಂತೆಯಲ್ಲಿ ಒಂದು ದಿನ ವ್ಯಾಪಾರ ಮಾಡಬೇಕು, ಮಾಲು ಉಳಿದರೆ ನಪಾಸು. ಒಬ್ಬರು ನಪಾಸಾದರೂ ಪಾಠ ಹೇಳಿದ ಅತಿಥಿ ಉಪನ್ಯಾಸಕನಿಗೆ ಬರುವ ವರ್ಷ ಕೆಲಸವಿಲ್ಲ. ಸವಣೂರಿನ ಆ ಕಾಲೇಜಿನಲ್ಲಿ ವಾದಿರಾಜ ಏಳು ವರ್ಷದಿಂದ ಅತಿಥಿ. ಅಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಹಿಸುವುದಿಲ್ಲ, ಸರ್ಕಾರ ಹೇಗೋ ಸಹಿಸಿತ್ತು.

ಸಂತೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮಾಲೂ ಖಾಲಿಯಾಗುತ್ತ ಬಂತು, ವಿದ್ಯಾರ್ಥಿನಿ ಹಾಜರಾಬಿಯ ವೀಳ್ಯದೆಲೆಯೊಂದು ಬಿಟ್ಟು. ಚುಕ್ಕೆ ಬಿದ್ದ ಕಟ್ಟುಗಳನ್ನು ಬುಟ್ಟಿಯ ಮೇಲಿಟ್ಟು, ಒಳ್ಳೆಯವನ್ನು ಕೆಳಗಿಟ್ಟುಕೊಂಡು ಕುಳಿತಿದ್ದಳು. ಬಂದವರಿಗೆ ತಾನಾಗಿಯೇ ಚುಕ್ಕೆ ತೋರಿಸುತ್ತಿದ್ದಳು. ಕಾಲೇಜಿನ ಹುಡುಗರು ನಕ್ಕು ಮುಂದೆ ಹೋಗುತ್ತಿದ್ದರು.

"ಹಿಂಗಾದ್ರ ಯಾರು ತಗೋತಾರವಾ?" ಎಂದ ವಾದಿರಾಜ.

"ನಮ್ಮ ದಾದಾ ಹಿಂಗ ಇಡೋದ್ರಿ ಸರ್. ಐಬು ಮೊದಲ ತೋರಸಬೇಕು. ಮುಚ್ಚಿ ಮಾರಿದ್ದು ಹಲಾಲ್ ಆಗೂದಿಲ್ರಿ."

ದಾದಾ ಎಂದರೆ ಅವಳ ಅಜ್ಜ ರಾಜೇಸಾಬ, ಪೇಟೆಯಲ್ಲಿ ಐವತ್ತು ವರ್ಷದಿಂದ ಎಲೆ ಮಾರುವವನು. ಗಿರಾಕಿಯ ಮನಸ್ಸು ಸೆಳೆಯುವ ಬಗ್ಗೆ ತಾನು ಹೇಳಿದ ಪಾಠವೆಲ್ಲ ಗಾಳಿಗೆ ಹೋಯಿತೆಂದು ವಾದಿರಾಜ ಹಣೆ ಒತ್ತಿಕೊಂಡ. ಮೂರಕ್ಕೆ ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ಹಾಜರಾಬಿ ನಮಾಜಿಗೆ ಎದ್ದು ಹೋದಾಗ, ಎಲ್ಲರಿಗೂ ಬುದ್ಧಿ ಹೇಳುವ ಜವಾನ ಮಾರೆಪ್ಪ, ಕಟ್ಟುಗಳನ್ನು ಮೇಲೆ ಕೆಳಗೆ ಮಾಡಿಬಿಡಿ ಎಂದು ಕಿವಿಯಲ್ಲಿ ಊದಿದ. ವಾದಿರಾಜ ಹಾಗೆಯೇ ಮಾಡಿ, ತಾನೇ ಬುಟ್ಟಿಯ ಮುಂದೆ ಕುಳಿತ.

ಆಗ ಬಂದವಳು ಗುತ್ತೆವ್ವ. ಮರುದಿನ ಮಗಳ ಮದುವೆ. ರಾಜೇಸಾಬನ ಕಾಯಂ ಗಿರಾಕಿ, ಅವನ ಮನೆಯ ಬುಟ್ಟಿಯೆಂದೇ ಹುಡುಕಿಕೊಂಡು ಬಂದಿದ್ದಳು. ಬುಟ್ಟಿ ನೋಡಿ ಅವಳ ಕಣ್ಣು ಅಗಲವಾದವು.

"ಐಬಿನ ಎಲಿನ ಇಷ್ಟು ಚೊಲೋ ಅದಾವಂದ್ರ ಕೆಳಗಿನವು ಹ್ಯಾಂಗಿರಬ್ಯಾಡ? ನನಗ ಕೆಳಗಿನವ ಕೊಡ್ರಿ."

ವಾದಿರಾಜ ಬೆವರಿದ. ಮೇಲಿನವೇ ಒಳ್ಳೆಯವೆಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಕೈಹಾಕಿ ಚುಕ್ಕೆಯ ಕಟ್ಟುಗಳನ್ನೇ ಬಾಚಿ, ಬಿಚ್ಚಿ ಕೂಡ ನೋಡದೆ ಚೀಲಕ್ಕೆ ತುಂಬಿಕೊಂಡು ಹೊರಟಳು. ಉಳಿದವು ಗಳಿಗೆಯಲ್ಲಿ ಹೋದವು. ತಿರುಗಿ ಬಂದ ಹಾಜರಾಬಿ ಖಾಲಿ ಬುಟ್ಟಿ ನೋಡಿ, ಚುಕ್ಕೆಯವು ಯಾರಿಗೆ ಹೋದವೆಂದು ಕೇಳಿದಳು. ಉತ್ತರ ಕೇಳಿ ಅವಳ ಮುಖ ಬಾಡಿತು.

ಮೂರಕ್ಕೆ ಸಮಿತಿಯ ಮುಖ್ಯಸ್ಥೆ ವಿಭಾ ಮೇಡಂ ಬಂದರು. ಹಿಂದೆಯೇ, ಮನೆಯಲ್ಲಿ ಚೀಲ ಬಿಚ್ಚಿ ನೋಡಿ ರಾಜೇಸಾಬನಿಗೆ ದೂರು ಕೊಟ್ಟಿದ್ದ ಗುತ್ತೆವ್ವ, ಅವಳ ಹಿಂದೆ ರಾಜೇಸಾಬ. ಮುದುಕ ಯಾರನ್ನೂ ಬೈಯಲಿಲ್ಲ. ಗುತ್ತೆವ್ವನ ಚೀಲ ಇಳಿಸಿಕೊಂಡು, ತಂದಿದ್ದ ಹೊಸ ಎಲೆ ಕೊಟ್ಟು, ಮದುವೆ ಮನೆಯವರಿಗೆ ತೊಂದರೆಯಾಯಿತೆಂದು ಕೈಮುಗಿದ.

ರಾಜೇಸಾಬನ ಪದ್ಧತಿಯನ್ನೂ ನಡೆದದ್ದನ್ನೂ ಗುತ್ತೆವ್ವನಿಂದ ತಿಳಿದುಕೊಂಡು, ಕಟ್ಟುಗಳನ್ನು ಮೇಲೆ ಕೆಳಗೆ ಮಾಡಿ ಇಟ್ಟವರು ಯಾರೆಂದು ವಿಭಾ ಕೇಳಿದರು. ಹಾಜರಾಬಿ ನೆಲ ನೋಡಿದಳು, ಗುರುವಿನ ಹೆಸರು ಹೇಳಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ವಾದಿರಾಜನಿಗೆ ನಾಚಿಕೆ ಸಹಿಸಲಾಗಲಿಲ್ಲ.

"ನಾನ ಇಟ್ಟೇನ್ರಿ ಮೇಡಂ. ಆಕಿದೇನೂ ತಪ್ಪಿಲ್ಲ," ಎಂದ.

ವಿಭಾ ಮೇಡಂ ಬಹಳ ಹೊತ್ತು ವರದಿ ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ. ಒಂದು ಪ್ರತಿಯನ್ನು ಗೌರವದಿಂದ ರಾಜೇಸಾಬನ ಕೈಗಿಟ್ಟರು. ಅವನು ಅದನ್ನು ವಾದಿರಾಜನಿಗೆ ಚಾಚಿ, ಓದಿ ಹೇಳಿರೆಂದ.

ಹಾಜರಾಬಿ ಪಾಸು. ಅವಳ ಮನೆಯ ಪದ್ಧತಿಯನ್ನು ಪಠ್ಯಕ್ಕೆ ಸೇರಿಸಬೇಕು. ಇಲ್ಲಿಯವರೆಗೆ ವಾದಿರಾಜನ ದನಿ ಸರಾಗವಾಗಿತ್ತು. ಕೊನೆಯ ಸಾಲು ನುಂಗಿಬಿಡಬಹುದಿತ್ತು, ನುಂಗಲಿಲ್ಲ. ಮುಂದಿನ ವರ್ಷ ಈ ವಿಷಯವನ್ನು ರಾಜೇಸಾಬರೇ ಕಲಿಸಲಿ, ಅತಿಥಿ ಉಪನ್ಯಾಸಕರ ಅಗತ್ಯವಿಲ್ಲ.

ಮುದುಕ ಗಾಬರಿಯಾದ. ಹೇಗಾದರೂ ತಪ್ಪಿಸಬೇಕೆಂದು ಮೇಡಂ ಕಡೆ ತಿರುಗಿದ.

"ನನ್ನ ಐಬು ಮೊದಲ ಹೇಳ್ತೇನ್ರಿ. ನನಗ ಓದಾಕ ಬರಿಯಾಕ ಬರೂದಿಲ್ಲ."

ವಿಭಾ ಮೇಡಂ ಕಣ್ಣು ಒರೆಸಿಕೊಂಡರು. ಇದಕ್ಕಿಂತ ದೊಡ್ಡ ಅರ್ಹತೆ ಬೇಕೇ ಎಂದು, ಪೆನ್ನು ತೆಗೆದು ವರದಿಗೆ ಅಲ್ಲಿಯೇ ಸಹಿ ಹಾಕಿಬಿಟ್ಟರು.

ವಾದಿರಾಜ ಕಾಗದ ಮಡಚಿ ಮುದುಕನ ಕೈಗೆ ಕೊಟ್ಟ. ಹೊಸ ಮಾಸ್ತರರು ಇನ್ನೂ ನಿಂತೇ ಇದ್ದಾರೆಂದು ಕುರ್ಚಿ ತರಲು ತಾನೇ ಹೋದ.