ಮಾವ ಸರಿದು ಕೂತದ್ದು

ನಮ್ಮ ಸೋದರಮಾವ ಅಹಂಕಾರ ಬಿಟ್ಟ ಸುದ್ದಿ ಇಡೀ ಚಳ್ಳಕೆರೆಗೆ ಗೊತ್ತು. ಗೊತ್ತಾಗದೆ ಏನು? ಮನೆಮನೆಗೆ ಹೋಗಿ ಹೇಳಿ ಬಂದವರು ಅವರೇ!

ಅದಕ್ಕೆ ಮುಂಚೆ ಎಲ್ಲರ ಮಾತನ್ನೂ ಮಾವನೇ ಆಡುತ್ತಿದ್ದರು. ಒಮ್ಮೆ ಅತ್ತೆಗೆ ಹಲ್ಲುನೋವು. ಯಾವ ಹಲ್ಲು, ಎಂಥ ನೋವು, ಎಲ್ಲವನ್ನೂ ಡಾಕ್ಟರಿಗೆ ಇವರೇ ವಿವರಿಸಿದರು. "ಆಯ್ತು ಯಜಮಾನ್ರೇ, ಈಗ ಅಮ್ಮಾರು ಬಾಯಿ ತೆಗಿಬಹುದಾ?" ಎಂದರಂತೆ ಡಾಕ್ಟರು.

ಇಂಥ ಮಾವ ತಮ್ಮ ಎಣ್ಣೆ ಮಿಲ್ಲಿನಲ್ಲಿ ಕೂತು, ಫೋನಿನಲ್ಲಿ ಯೆಹೂದಿ ಅನುಭಾವಿಗಳ ಬಗ್ಗೆ ಒಂದು ಉಪನ್ಯಾಸ ಕೇಳಿಬಿಟ್ಟರು. ಮೊದಲು ಎಲ್ಲೆಲ್ಲೂ ದೇವರೇ ತುಂಬಿಕೊಂಡಿದ್ದನಂತೆ, ಜಗತ್ತಿಗೆ ಜಾಗವೇ ಇರಲಿಲ್ಲವಂತೆ. ಆಗ ದೇವರು ತನ್ನನ್ನು ತಾನೇ ಕುಗ್ಗಿಸಿಕೊಂಡು, ಸರಿದು, ಜಾಗ ಬಿಟ್ಟುಕೊಟ್ಟನಂತೆ. ಮನುಷ್ಯನೂ 'ನಾನು' ಎಂಬುದನ್ನು ಹಾಗೆಯೇ ಹಿಂದೆ ಸರಿಸಬೇಕು. ಇದಕ್ಕೆ ಅವರ ಭಾಷೆಯಲ್ಲಿ ತ್ಸಿಮ್ತ್ಸುಮ್ ಎಂದು ಹೆಸರು. ಮಾವ ಅದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ಮುಖ ಒರೆಸಿಕೊಳ್ಳಬೇಕು!

"ದೇವ್ರೇ ಸರಿದ ಮೇಲೆ ನಂದೇನ್ಲೇ?" ಎಂದು ನನ್ನನ್ನು ಕೇಳಿದರು.

ಮಾವನ ಮಗಳಿಗೆ ಮೊಳಕಾಲ್ಮುರಿನ ಸಂಬಂಧ ಬಂದಿತ್ತು. ಹುಡುಗನ ಮನೆ ನೋಡಲು ನಾವಿಬ್ಬರೇ ಬಸ್ಸು ಹತ್ತಿದೆವು. ಮಾವ ಸೀಟಿನ ತುದಿಗೆ ಸರಿದರು. "ನೋಡ್ರಪ್ಪಾ, ನಾನು ಸರಿದೀನಿ!" ಎಂದು ಬಸ್ಸಿಗೆಲ್ಲ ಸಾರಿದರು. ಇನ್ನಷ್ಟು ಸರಿದರು. ಬಿ.ಜಿ. ಕೆರೆ ಹತ್ತಿರ ಡ್ರೈವರು ಬ್ರೇಕು ಹಾಕಿದ್ದೇ ತಡ, ಕಂಡಕ್ಟರ ಕಾಲಡಿ ಬಿದ್ದರು.

"ಸರಿದಿದ್ದು ಸಾಕು, ಎದ್ದು ಕೂತ್ಕಳ್ರಿ!" ಎಂದ ಕಂಡಕ್ಟರು.

ಅಷ್ಟಾದರೂ ಹುಡುಗನ ಮನೆಯಲ್ಲಿ ಕಾಫಿ ಕುಡಿಯುತ್ತಲೇ "ಒಪ್ಪಿಗೆ" ಅಂದುಬಿಟ್ಟರು. ಹುಡುಗಿಗೆ ಬಿ.ಎಡ್. ಮಾಡುವ ಆಸೆ ಎಂದು ನನಗೆ ಗೊತ್ತಿತ್ತು.

"ಮಾವ, ಮನೇಲಿ ಒಂದ್ಮಾತು ಕೇಳ್ಬೇಕಲ್ವಾ?"

"ಕೇಳಾಕೇನೈತಲೇ? ನಾನಿಲ್ವಾ?"

ದೇವರು ಸರಿದಷ್ಟು ಸುಲಭವೇ ಮಾವ ಸರಿಯುವುದು!

ಭಾನುವಾರ ಗಂಡಿನ ಕಡೆಯವರು ಬಂದರು. ನಡುಮನೆಯಲ್ಲಿ ಕರಿ ಕಂಬಳಿ ಹಾಸಿತ್ತು. ಅದರ ನಡುಮಧ್ಯೆ ಕೂರುವುದು ಮನೆಯ ಹಿರಿಯ. ಅಲ್ಲಿ ಕೂತು ಆಡಿದ ಮಾತು ಮುಗಿದ ಮಾತು. ಗಂಡಿನ ತಂದೆ ಕೇಳಿದರು: "ಹುಡುಗಿ ಏನಂತಾಳ್ರಿ?"

ಮಾವ ಬಾಯಿ ತೆರೆದರು. ಬಾಗಿಲ ಬಳಿ ಮಗಳು ತಲೆ ತಗ್ಗಿಸಿ, ಅತ್ತೆಯ ಸೆರಗು ಹಿಡಿದು ನಿಂತಿದ್ದಳು. ಮಾವ ಅವಳನ್ನೇ ನೋಡಿದರು. ತೆರೆದ ಬಾಯಿ ಮುಚ್ಚಿತು. ಮೆಲ್ಲಗೆ ಕಂಬಳಿಯ ಅಂಚಿಗೆ ಸರಿದು, "ಬಾ, ಇಲ್ಲಿ ಕೂತ್ಕ. ನೀನೇ ಹೇಳು" ಎಂದು ಅತ್ತೆಯನ್ನು ಕರೆದರು.

ಅತ್ತೆ ಬಂದು ನಡುವೆ ಕೂತರು. "ತಪ್ಪು ತಿಳ್ಕಬ್ಯಾಡ್ರಿ. ಅವ್ಳಿಗೆ ಇನ್ನೂ ಓದೋ ಆಸೆ ಐತೆ. ಈಗ್ಲೇ ಮದುವೆ ಬ್ಯಾಡ."

"ನೀವು ಮಾತು ಕೊಟ್ಟಿದ್ರಲ್ಲ ಯಜಮಾನ್ರೇ?"

"ನಾನು ಕೇಳದೆ ಕೊಟ್ಟಿದ್ದೆ. ಇವ್ಳು ಹೇಳಿದ್ದೇ ಮಾತು ಕಣ್ರಿ" ಎಂದು ಮಾವ ಕೈ ಮುಗಿದರು. ಹತ್ತು ಜನರ ಮುಂದೆ ಅವರ ತಲೆ ತಗ್ಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವನ ಮೇಲೆ ಅವತ್ತು ಉಕ್ಕಿದಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಈ ಸಲ ಸರಿದದ್ದನ್ನು ಮಾವ ಯಾರಿಗೂ ಹೇಳಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.