ಸುಣ್ಣ ಬಳಿದ ನಲವತ್ತೊಂದನೆಯ ಮರ

ಇನ್‌ಸ್ಪೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಕೆಲವರಿಗೆ ಹೊಟ್ಟೆ ಕಲಸುತ್ತದೆ, ಕೆಲವರಿಗೆ ಬಾಯಿ ಒಣಗುತ್ತದೆ. ನನಗೆ ಕಾಲಿನ ಹೆಬ್ಬೆರಳು ತುರಿಸುತ್ತದೆ. ಇದು ಏಳನೆಯ ಕ್ಲಾಸಿನಿಂದ ಬಂದ ಕಾಯಿಲೆ. ಆಗ ನಾವು ಚೇಳೂರಿನಲ್ಲಿದ್ದೆವು. ಗುಬ್ಬಿಯಿಂದ ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆ, ಹುಡುಗರನ್ನು ಎಬ್ಬಿಸಿ ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುತ್ತಾರೆ ಎಂದು ಸುದ್ದಿಯಾಯಿತು. ನನ್ನ ಮಗ್ಗಿ ಹದಿಮೂರರಲ್ಲೇ ನಿಂತಿತ್ತು. ಜೀಪಿನ ಸದ್ದು ಕೇಳಿದ್ದೇ ತಡ, ಶಾಲೆಯ ಹಿಂದಿನ ಹುಣಸೆ ಮರ ಹತ್ತಿ ಎಲೆಯೊಳಗೆ ಸೇರಿಕೊಂಡೆ. ಮೇಲಿನಿಂದ ನೋಡಿದರೆ ಶಾಲೆ ಅಂಗೈಯಗಲ ಇತ್ತು, ಇನ್‌ಸ್ಪೆಕ್ಟರ ಬೋಳುತಲೆ ಗೋಲಿಯಷ್ಟಿತ್ತು. ಇಷ್ಟು ಸಣ್ಣದಕ್ಕೆ ಇಷ್ಟು ದಿನ ಹೆದರಿದ್ದೆನಲ್ಲ ಎನ್ನಿಸಿತು. ಮಾರನೆಯ ದಿನವೂ ಹತ್ತಿದೆ, ಅದರ ಮಾರನೆಯ ದಿನವೂ ಹತ್ತಿದೆ. ನಾಲ್ಕನೆಯ ದಿನ ನಮ್ಮಪ್ಪ ಮರದ ಕೆಳಗೆ ಬಂದು ನಿಂತು, ಸಮಾಧಾನವಾಗಿಯೇ, “ಹತ್ತೋದೇ ಆದ್ರೆ ಕೂಲಿಗಾದ್ರೂ ಹತ್ಲಾ” ಎಂದರು. ನನ್ನ ವಿದ್ಯಾಭ್ಯಾಸ ಮುಗಿದದ್ದು ಹಾಗೆ.

ಅಲ್ಲಿಂದ ಇಲ್ಲಿಯವರೆಗೆ ಹತ್ತುತ್ತಲೇ ಇದ್ದೇನೆ. ಮೊದಲು ತೆಂಗಿನ ಮರ, ಆಮೇಲೆ ತುಮಕೂರಿಗೆ ಬಂದು ಬಟವಾಡಿಯಲ್ಲಿ ಮನೆ ಮಾಡಿದ ಮೇಲೆ ರಸ್ತೆಬದಿಯ ಮರ. ವಿದ್ಯುತ್ ತಂತಿಗೆ ತಗಲುವ ಕೊಂಬೆ ಸವರುವುದು, ಒಣಗಿದ್ದನ್ನು ಹಗ್ಗ ಕಟ್ಟಿ ಇಳಿಸುವುದು, ಬಂದಳಿಕೆ ಕಿತ್ತು ಮರ ಉಳಿಸುವುದು ನನ್ನ ಕಸುಬು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನಾನು ಕತ್ತರಿಸಿದ ಜಾಗದಲ್ಲಿ ಮರ ಕೊಳೆತದ್ದಿಲ್ಲ. ಕೊಂಬೆಯನ್ನು ಎಲ್ಲಿ ಕೊಯ್ದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ ಎಂಬುದು ಡಿಗ್ರಿ ಓದಿದವರಿಗೆ ಪುಸ್ತಕದಲ್ಲಿ ಸಿಗುತ್ತದಂತೆ. ನನಗೆ ಅದು ಅಂಗೈಯಲ್ಲಿದೆ. ಇಲ್ಲದಿರುವುದು ಮೊಣಕಾಲು. ಎರಡು ವರ್ಷದಿಂದ ಬಲಗಾಲಿನ ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಕ್ಲಿನಿಕ್ಕಿನ ಡಾಕ್ಟರು, “ಇನ್ನು ಮರ ಹತ್ತೋ ಹಾಗಿಲ್ಲ” ಎಂದರು. ಅವರು ಹೇಳಿದ್ದು ಒಂದು ಸಲ. ನನ್ನ ಹೆಂಡತಿ ಗೌರಮ್ಮ ಅದನ್ನು ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು, ಹೇಳುತ್ತಾಳೆ.

ಇಂಥ ಹೊತ್ತಿನಲ್ಲಿ ಶೆಟ್ಟಿಹಳ್ಳಿಯ ಮೇಷ್ಟ್ರು ಅನುದಾನದ ಸುದ್ದಿ ತಂದರು. ಅವರು ರಿಟೈರ್ ಆಗಿ ಬಡಾವಣೆಯ ಸಂಘದ ಅಧ್ಯಕ್ಷರಾಗಿದ್ದಾರೆ. ಅವರ ಬಡಾವಣೆಯ ಮರಗಳನ್ನೆಲ್ಲ ವರ್ಷಗಳಿಂದ ಸವರುತ್ತಾ ಬಂದವನು ನಾನೇ.

“ರುದ್ರಪ್ಪ, ಊರಿನ ಮರ ನೋಡ್ಕೊಳ್ಳೋಕೆ ಅಂತ ಬೆಂಗಳೂರಿನ ಒಂದು ಸಂಸ್ಥೆ ಅನುದಾನ ಕೊಡುತ್ತಂತೆ. ಮರ ಎಣಿಸಿ, ನಂಬರ್ ಹಾಕಿ, ಯಾವ ಮರಕ್ಕೆ ಏನು ರೋಗ, ಏನು ಉಪಚಾರ ಅಂತ ಪಟ್ಟಿ ಕೊಡ್ಬೇಕು. ಅವ್ರಿಗೆ ಒಪ್ಪಿಗೆ ಆದ್ರೆ ಮೇಲೆತ್ತೋ ಗಾಡಿ ಕೊಡಿಸ್ತಾರೆ. ತೊಟ್ಟಿಲು ಥರ ಇರುತ್ತೆ, ಅದ್ರಲ್ಲಿ ನಿಂತ್ಕೊಂಡ್ರೆ ಆಯ್ತು, ಕೊಂಬೆ ಹತ್ರ ಅದೇ ಕರ್ಕೊಂಡ್ಹೋಗುತ್ತೆ.”

“ಅದನ್ನ ಓಡ್ಸೋರು ಯಾರು ಸಾರ್?”

“ಇನ್ಯಾರು, ನೀನೇ.”

ಆ ತೊಟ್ಟಿಲಿನ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅದು ಬಂದರೆ ಇನ್ನೂ ಹತ್ತು ವರ್ಷ ನಾನು ಮರದ ನೆತ್ತಿಯಲ್ಲಿರಬಹುದು. ಬಾರದಿದ್ದರೆ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಂದ ಕಾರಿಗೆಲ್ಲ ಎದ್ದು ನಿಲ್ಲುವ ಕೆಲಸ. ಗೌರಮ್ಮ ಅದನ್ನೂ ವಿಚಾರಿಸಿ ಇಟ್ಟಿದ್ದಳು.

ಪಟ್ಟಿಯ ಕೆಲಸ ಶುರುವಾಯಿತು. ನಾನು ಮರ ಮುಟ್ಟಿ ಹೇಳುವುದು, ಮೇಷ್ಟ್ರು ಬರೆಯುವುದು. ಮಾಮೂಲಿನಂತೆ ತಗಡಿನ ಬಿಲ್ಲೆಗೆ ನಂಬರ್ ಬರೆದು ಮೊಳೆ ಹೊಡೆಯೋಣ ಎಂದರು ಅವರು. ಮರಕ್ಕೆ ಮೊಳೆ ಹೊಡೆಯುವುದಾದರೆ ನಾನು ಮನೆಗೆ ಹೋಗುತ್ತೇನೆ ಎಂದೆ. ಕೊನೆಗೆ ಹಳದಿ ಬಣ್ಣದಲ್ಲಿ, ಎದೆಯ ಎತ್ತರಕ್ಕೆ, ನಾನೇ ನಂಬರ್ ಬರೆದೆ. ನೂರ ಎಂಬತ್ತಾರು ಮರ. ಅಷ್ಟು ಅಂಕಿಗಳನ್ನು ನಾನು ಶಾಲೆಯಲ್ಲೂ ಬರೆದಿರಲಿಲ್ಲ. ಪಟ್ಟಿಯ ಒಂದು ಪ್ರತಿ ಬೆಂಗಳೂರಿಗೆ ಹೋಯಿತು, ಇನ್ನೊಂದು ಮೇಷ್ಟ್ರ ಬ್ಯಾಗಿನಲ್ಲಿ ಉಳಿಯಿತು. ಮೂರು ವಾರ ಕಳೆದು ಫೋನು ಬಂತು: ಮರಗಳನ್ನು ನೋಡಲು ಸಂಸ್ಥೆಯ ಅಧಿಕಾರಿ ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ. ನನ್ನ ಹೆಬ್ಬೆರಳು ತುರಿಸಿತು.

ಬುಧವಾರ ಮೇಷ್ಟ್ರು ಕುಣಿಗಲ್ಲಿಗೆ ತಮ್ಮ ನಾದಿನಿಯ ಗೃಹಪ್ರವೇಶಕ್ಕೆ ಹೋದರು, ಬ್ಯಾಗಿನ ಸಮೇತ. ಗುರುವಾರ ಮೊದಲನೆ ಬಸ್ಸಿಗೆ ಬರುತ್ತೇನೆ, ನೀನು ಏನೂ ಮಾಡಬೇಡ, ಸುಮ್ಮನೆ ಇರು ಎಂದು ಹೇಳಿ ಹೋದರು. ಈ ‘ಸುಮ್ಮನೆ ಇರು’ ಎಂಬ ಮಾತನ್ನು ದುಡಿಯುವ ಮನುಷ್ಯನಿಗೆ ಹೇಳಬಾರದು. ಮಧ್ಯಾಹ್ನ ಒಂದು ಸುತ್ತು ಹೋಗಿ ನೋಡಿದೆ. ಮರಗಳೆಲ್ಲ ಧೂಳು ಹಿಡಿದು, ಹಾಸಿಗೆಯಿಂದ ಆಗತಾನೇ ಎದ್ದವರಂತೆ ನಿಂತಿದ್ದವು. ಹಳದಿ ನಂಬರ್ ತೊಗಟೆಯ ಬಣ್ಣಕ್ಕೆ ಸೇರಿ ಹತ್ತಿರ ಹೋಗದೆ ಕಾಣುತ್ತಿರಲಿಲ್ಲ. ಬೆಂಗಳೂರಿನಿಂದ ಬರುವವರು ಇದನ್ನು ನೋಡಿ ಏನೆಂದುಕೊಳ್ಳುತ್ತಾರೆ? ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ರಸ್ತೆ ಅಂಚಿನ ಕಲ್ಲಿಗೂ ಸುಣ್ಣ, ಮರದ ಬುಡಕ್ಕೂ ಸುಣ್ಣ, ನಡುವೆ ಒಂದು ಕಾವಿಯ ಪಟ್ಟಿ. ಅದು ಮರ್ಯಾದೆ. ಮಂತ್ರಿಗಳು ಬಂದಾಗ ಹಾಗೇ, ಸ್ವಾಮಿಗಳು ಬಂದಾಗಲೂ ಹಾಗೇ.

ಇಬ್ಬರು ಆಳುಗಳನ್ನು ಕರೆದು, ನಾನೂ ಬ್ರಷ್ ಹಿಡಿದು, ನೂರ ಎಂಬತ್ತಾರು ಮರಕ್ಕೂ ಎದೆಯುದ್ದ ಸುಣ್ಣ ಬಳಿದು ಕಾವಿ ಎಳೆದೆವು. ನಂಬರ್ ಮುಚ್ಚಿಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಗೊತ್ತಿತ್ತು. ಬೆಳಿಗ್ಗೆ ಮೇಷ್ಟ್ರು ಪಟ್ಟಿ ತರುತ್ತಾರೆ, ಹನ್ನೊಂದರೊಳಗೆ ಬಿಳಿ ಸುಣ್ಣದ ಮೇಲೆ ಕಪ್ಪು ಬಣ್ಣದಲ್ಲಿ, ಬಸ್ಸಿನ ನಂಬರಿನ ಹಾಗೆ ಎದ್ದು ಕಾಣುವಂತೆ ಬರೆದುಬಿಡುವುದು ಎಂಬುದು ನನ್ನ ಲೆಕ್ಕ. ಸಂಜೆ ನಿಂತು ನೋಡಿದರೆ ಬೀದಿ ಮದುವೆಮನೆಯಂತಿತ್ತು.

ಗುರುವಾರ ಆಳುಗಳು ಗುಬ್ಬಿಯ ಕೆಲಸಕ್ಕೆ ಹೋದರು. ನಾನು ಕಪ್ಪು ಬಣ್ಣದ ಡಬ್ಬಿ ಹಿಡಿದು ಎಂಟಕ್ಕೇ ಶೆಟ್ಟಿಹಳ್ಳಿಗೆ ಬಂದೆ. ಅಧಿಕಾರಿಗೆ ಮಜ್ಜಿಗೆ ಕೊಡಬೇಕೆಂದು ಗೌರಮ್ಮನೂ ಕ್ಯಾನು ಹಿಡಿದು ಜೊತೆಗೆ ಬಂದಳು. ಒಂಬತ್ತಾಯಿತು, ಮೇಷ್ಟ್ರಿಲ್ಲ. ಫೋನು ಮಾಡಿದೆ. “ಬಸ್ ಕೆಟ್ಟೋಯ್ತು ಕಣಯ್ಯ, ಇನ್ನೊಂದು ಹತ್ತಿದೀನಿ. ಹೆಬ್ಬೂರು ಬರ್ತಾ ಇದೆ. ಎಲ್ಲಾ ಸರಿಯಾಗಿದೆ ತಾನೆ?” ಎಂದರು. ಎಲ್ಲಾ ಬೆಳ್ಳಗಿದೆ ಸಾರ್ ಎನ್ನುವಷ್ಟರಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವರು ಮೂವತ್ತು ವರ್ಷದ ಒಬ್ಬ ಮೇಡಂ. ಕೈಯಲ್ಲಿ ಅಳತೆಯ ಟೇಪು, ನಮ್ಮ ಪಟ್ಟಿಯ ಪ್ರತಿ. ದಾರಿಯಲ್ಲಿ ಟ್ರಾಫಿಕ್ ಇರಲಿಲ್ಲ, ಬೇಗ ಬಂದೆ ಎಂದರು. ಜನ್ಮದಲ್ಲಿ ಒಂದು ಸಲ ಆ ದಾರಿಯಲ್ಲಿ ಟ್ರಾಫಿಕ್ ಇಲ್ಲದ್ದು ಅವತ್ತೇ.

ಮೇಡಂ ಮೊದಲ ಮರ ನೋಡಿದರು, ಎರಡನೆಯದನ್ನು ನೋಡಿದರು, ಬೀದಿಯ ಉದ್ದಕ್ಕೂ ನೋಡಿದರು.

“ನಂಬರ್‌ಗಳೆಲ್ಲಿ?”

“ಒಳಗಿವೆ ಮೇಡಂ. ಸುಣ್ಣದ ಒಳಗೆ.”

“ಯಾಕೆ ಮುಚ್ಚಿದ್ರಿ?”

“ತಾವು ಬರ್ತೀರಿ ಅಂತ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಣ್ಣಗೆ ಹೇಳಿದರು, “ನೋಡಿ, ಇನ್ನೊಂದು ಊರಲ್ಲಿ ಇಲ್ಲದ ಮರಗಳಿಗೆ ನಂಬರ್ ಕೊಟ್ಟು ಪಟ್ಟಿ ಮಾಡಿದ್ರು. ಹೋಗಿ ನೋಡಿದ್ರೆ ಅಲ್ಲೂ ನಂಬರ್ ಕಾಣ್ತಿರ್ಲಿಲ್ಲ. ಈಗ ಹತ್ತು ಮರ ನಾನು ಆರಿಸ್ತೀನಿ. ಪಟ್ಟೀಲಿ ಇರೋದನ್ನ ಓದ್ತೀನಿ, ನೀವು ಮರ ತೋರಿಸ್ಬೇಕು. ತಾಳೆ ಆಗ್ಲಿಲ್ಲ ಅಂದ್ರೆ ಅರ್ಜಿ ಇಲ್ಲಿಗೇ ನಿಲ್ಲುತ್ತೆ.”

ಸುಳ್ಳುಗಾರ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಗೌರಮ್ಮ ಮಜ್ಜಿಗೆ ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. ತೊಟ್ಟಿಲು ಕಣ್ಣ ಮುಂದೆಯೇ ದೂರ ಹೋಗುತ್ತಿತ್ತು, ಪ್ಲಾಸ್ಟಿಕ್ ಕುರ್ಚಿ ಹತ್ತಿರ ಬರುತ್ತಿತ್ತು.

ಮೊದಲ ಮೂರು ಸಲೀಸಾಗಿ ಹೋದವು. ಕಟ್ಟೆಯ ಅರಳಿಯನ್ನು ಯಾರು ಬೇಕಾದರೂ ತೋರಿಸುತ್ತಾರೆ. ಗೆದ್ದಲು ಹತ್ತಿದ ಬೇವು, ಪಾರ್ಕಿನ ಮೂಲೆಯ ಮಳೆಮರ. ಮೇಡಂ ಟೇಪು ಹಿಡಿದು ಸುತ್ತಳತೆ ನೋಡಿದರು, ಸರಿಯಿತ್ತು. ನಾಲ್ಕನೆಯದಕ್ಕೆ ಹೊಂಗೆಯ ಸಾಲಿಗೆ ಬಂದೆವು. ಹದಿನಾಲ್ಕು ಹೊಂಗೆ, ಒಂದೇ ವರ್ಷ ನೆಟ್ಟವು, ಒಂದೇ ದಪ್ಪ. ಒಬ್ಬರಿಗೊಬ್ಬರ ಗುರುತು ಸಿಗದಂತೆ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹಾಕುತ್ತಾರಲ್ಲ, ಆ ಕೆಲಸವನ್ನು ನಾನು ಸುಣ್ಣದಲ್ಲಿ ಮಾಡಿ ಮುಗಿಸಿದ್ದೆ.

“ನಲವತ್ತೊಂದು,” ಮೇಡಂ ಓದಿದರು. “ಹೊಂಗೆ. ಮೇಲಿನ ಎರಡನೆ ಕವಲಿನಲ್ಲಿ ಪೊಟರೆ. ಮರ ಸೀಳದಂತೆ ಭಾರ ಇಳಿಸಬೇಕು. ಈ ಸಾಲಿನ ಏಳು ಮರ ನಾನು ಕೇಳ್ತೀನಿ. ಮೊದ್ಲು ನಲವತ್ತೊಂದು ಯಾವುದು ಹೇಳಿ.”

ಬುಡ ನೋಡಿದರೆ ನನಗೆ ಒಂದೂ ಗೊತ್ತಾಗಲಿಲ್ಲ. ಆಗ ಹೊಳೆದದ್ದೇನೆಂದರೆ, ನಾನು ಯಾವತ್ತೂ ಮರಗಳನ್ನು ಕೆಳಗಿನಿಂದ ನೋಡಿದವನೇ ಅಲ್ಲ. ನನಗೆ ಅವು ಪರಿಚಯವಾದದ್ದು ಮೇಲೆ, ನಾನು ಹಾಕಿದ ಕತ್ತಿಯ ಗುರುತಿನಿಂದ. ಎಲೆ ದಟ್ಟವಾಗಿತ್ತು, ಕವಲು ಕಾಣುತ್ತಿರಲಿಲ್ಲ. ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಕುಣಿಯುತ್ತಿತ್ತು. ಚಪ್ಪಲಿ ಬಿಟ್ಟೆ.

“ಏನ್ರೀ ಮಾಡ್ತಿದೀರಾ?” ಎಂದಳು ಗೌರಮ್ಮ.

“ಒಂದ್ನಿಮಿಷ ಕಣೇ.”

“ಆ ಕಾಲ್ನಲ್ಲಿ ನೀವು ಹತ್ತುದ್ರೆ ನಾನು ಮನೆಗ್ ಹೋಗಲ್ಲ, ಸೀದಾ ನಮ್ಮಣ್ಣನ ಮನೆಗ್ ಹೋಯ್ತೀನಿ.”

“ಹೋಗೋಳು ಮಜ್ಜಿಗೆ ಕೊಟ್ಟು ಹೋಗು, ಮೇಡಂಗೆ ಬಾಯಾರಿರುತ್ತೆ” ಎಂದು ಹೇಳಿ, ಅಂದಾಜಿನ ಮೇಲೆ ಒಂದು ಮರ ಆರಿಸಿ ಕಾಂಡ ತಬ್ಬಿದೆ. ಹೊಸ ಸುಣ್ಣ ಅಂಗಿಗೆಲ್ಲ ಮೆತ್ತಿಕೊಂಡಿತು. ಮೇಡಂ, “ಬೇಡ, ಹಗ್ಗ ಇಲ್ದೆ ಹತ್ತಬೇಡಿ” ಎನ್ನುವಷ್ಟರಲ್ಲಿ ನಾನು ಮೊದಲ ಕವಲಿನಲ್ಲಿದ್ದೆ. ಮೊಣಕಾಲು ಕಟಕ್ ಎಂದಿತು. ಎರಡನೆ ಕವಲಿಗೆ ಕೈ ಹಾಕಿ ಎಳೆದುಕೊಂಡೆ. ತಡಕಿದೆ. ಗಟ್ಟಿ ತೊಗಟೆ, ಪೊಟರೆ ಇಲ್ಲ. ಕೆಳಗೆ ಮೂರು ಮನೆಯವರು ಗೇಟಿಗೆ ಬಂದು ನಿಂತಿದ್ದರು. ಈ ಮರವಲ್ಲದಿದ್ದರೆ ಇನ್ನೊಂದು ಹತ್ತುವ ಶಕ್ತಿ ನನಗಿರಲಿಲ್ಲ, ಇನ್ನೊಂದು ಅವಕಾಶ ಕೊಡುವ ಮುಖ ಮೇಡಂದೂ ಆಗಿರಲಿಲ್ಲ. ಕೊಂಬೆಯ ಆಚೆ ಬದಿಗೆ, ಕಣ್ಣಿಗೆ ಕಾಣದ ಕಡೆಗೆ, ಕೈ ಸುತ್ತಿಸಿದೆ. ಬೆರಳು ಒಳಗೆ ಹೋಯಿತು. ಮಣಿಕಟ್ಟು ಹೋಯಿತು. ಒಳಗಿನಿಂದ ಏನೋ ಕೈಯನ್ನು ಕುಕ್ಕಿತು. ಒಂದು ಗೊರವಂಕ ನನ್ನ ಕಿವಿಯ ಪಕ್ಕದಲ್ಲೇ ಬೈಯುತ್ತಾ ಹಾರಿಹೋಯಿತು.

“ಇದೇ ನಲವತ್ತೊಂದು ಮೇಡಂ” ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಒಂದು ಸಿಕ್ಕಿತೆಂದರೆ ಉಳಿದವು ಅದರ ಬಾಲ ಹಿಡಿದು ಬಂದವು. ಎಡಗಡೆ ನೆತ್ತಿ ಬೋಳಾದದ್ದು ನಲವತ್ತು, ಅದಕ್ಕೆ ಸಿಡಿಲು ತಾಗಿತ್ತು. ಬಂದಳಿಕೆ ಹಿಡಿದದ್ದು ನಲವತ್ಮೂರು. ಹಾಲಿನ ಬೂತಿನ ಕಡೆ ವಾಲಿದ್ದು ನಲವತ್ತೇಳು. ಅದರ ಹಳೆಯ ಗಾಯ ಮುಚ್ಚಿ ಈಗ ತುಟಿಯ ಹಾಗಿದೆ. ಮೇಡಂ ಕೆಳಗಿನಿಂದ ಓದುವುದು, ನಾನು ಮೇಲಿನಿಂದ ಹೇಳುವುದು. ಏಳಕ್ಕೆ ಏಳೂ ಸರಿಯಾದವು. ನಲವತ್ತು ವರ್ಷದ ಹಿಂದೆ ಇನ್‌ಸ್ಪೆಕ್ಟರಿಗೆ ಹೆದರಿ ಮರ ಹತ್ತಿದವನು ಇವತ್ತು ಮರ ಹತ್ತಿ ಉತ್ತರ ಕೊಡುತ್ತಿದ್ದೆ. ನಮ್ಮಪ್ಪ ಕೆಳಗಿದ್ದಿದ್ದರೆ ಎನ್ನಿಸಿ ಕಣ್ಣು ತೇವವಾಯಿತು.

“ಸಾಕು, ಇಳೀರಿ” ಎಂದರು ಮೇಡಂ. ಅವರ ದನಿಯೂ ಮೆತ್ತಗಾಗಿತ್ತು.

ನಾನು ಇಳಿಯಲಿಲ್ಲ. ಬಲಗಾಲು ಮಡಚಿಕೊಂಡು ಕವಲಿಗೆ ಸಿಕ್ಕಿಸಿದ ಕೊಕ್ಕೆಯಂತಾಗಿತ್ತು. ಸ್ವಲ್ಪ ಹೊತ್ತು ಬಂದಳಿಕೆ ನೋಡುವವನಂತೆ ನಟಿಸಿದೆ. ಇನ್ನೂ ಸ್ವಲ್ಪ ಹೊತ್ತು ಆಕಾಶ ನೋಡಿದೆ. ಗೌರಮ್ಮನಿಗೆ ಮಾತ್ರ ಗೊತ್ತಾಯಿತು.

“ಹಿಡ್ಕೊಂಡ್ತಾ?”

“ಹ್ಞೂಂ.”

“ಅಲ್ಲೇ ಕೂತಿರಿ. ಹೋಗೋಕೆ ಜಾಗ ಏನೈತೆ ನಿಮ್ಗೆ” ಎಂದು ಅವಳು ಶಾಮಿಯಾನ ಅಂಗಡಿಯ ಏಣಿ ತರಲು ಓಡಿದಳು. ಅಣ್ಣನ ಮನೆಯ ದಿಕ್ಕು ಅದಲ್ಲ.

ಏಣಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ಬ್ಯಾಗು ಹಿಡಿದು ಬೆವರುತ್ತಾ ಬಂದರು. ಬಿಳಿ ಬೀದಿ ನೋಡಿದರು, ಮೇಡಂನ ನೋಡಿದರು, ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದರು. “ಸುಮ್ನೆ ಇರು ಅಂದಿದ್ನಲ್ಲಯ್ಯ” ಎಂದರು, ಅಷ್ಟೇ. ಮೇಡಂ ಕಟ್ಟೆಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದು ಏನೇನೋ ಬರೆದುಕೊಂಡರು. ಎದ್ದು ಫೋಟೋನೂ ತೆಗೆದರು. ನಾನು ಅಂಗಿಯ ಕಾಲರು ಸರಿ ಮಾಡಿಕೊಂಡೆ.

ತಿಂಗಳ ಮೇಲೆ ಕಾಗದ ಬಂತು. ಅನುದಾನ ಮಂಜೂರು. ಮೇಷ್ಟ್ರ ಮನೆಯಲ್ಲಿ ಹತ್ತು ಜನರ ಮುಂದೆ ಓದಿಸಿದೆ. ನನ್ನ ಜ್ಞಾಪಕಶಕ್ತಿಯ ಬಗ್ಗೆ ಎರಡು ಮಾತಾದರೂ ಇರುತ್ತವೆ ಎಂದು ಎಲ್ಲರನ್ನೂ ನಾನೇ ಕರೆದಿದ್ದೆ. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಓದಿದರು: ಮರಗಳ ಮೇಲಿನ ಸುಣ್ಣವನ್ನು ಉಜ್ಜಿ ತೆಗೆದು ನಂಬರುಗಳನ್ನು ಮತ್ತೆ ಬರೆಯತಕ್ಕದ್ದು. ಮೇಲೆತ್ತುವ ಗಾಡಿ ಅತ್ಯಗತ್ಯವೆಂದು ಸ್ಥಳದಲ್ಲೇ ಮನವರಿಕೆಯಾಗಿದೆ, ಫೋಟೋ ಲಗತ್ತಿಸಿದೆ. ಫೋಟೋದ ಕೆಳಗೆ, ‘ಅನುಭವಿ ಕೆಲಸಗಾರ, ಇಳಿಯಲಾಗದ ಸ್ಥಿತಿಯಲ್ಲಿ.’ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹತ್ತು ಮರ ತೋರಿಸಿದ ತಲೆಗೆ ಒಂದು ಅಕ್ಷರವಿಲ್ಲ. ಗಾಡಿ ತಂದುಕೊಟ್ಟದ್ದು ಮೊಣಕಾಲು.

ಸುಣ್ಣ ಬಳಿಯಲು ಅರ್ಧ ದಿನ ಹಿಡಿದಿತ್ತು. ತೆಂಗಿನ ನಾರಿನಲ್ಲಿ, ತೊಗಟೆ ಕಿತ್ತುಬರದ ಹಾಗೆ ಉಜ್ಜಿ ತೆಗೆಯಲು ಹನ್ನೆರಡು ದಿನ. ಕಾಗದದಲ್ಲಿ ಇನ್ನೂ ಒಂದು ಷರತ್ತಿತ್ತು, ಅದನ್ನು ಮೇಷ್ಟ್ರು ಕೊನೆಗೆ, ನಗು ತಡೆದುಕೊಂಡು ಓದಿದ್ದರು: ಗಾಡಿ ಓಡಿಸುವವನು ಆರು ದಿನ ತರಬೇತಿಗೆ ಕೂರಬೇಕು, ಕೊನೆಯ ದಿನ ಬಾಯಿಪರೀಕ್ಷೆ. ಹೋದ ಸೋಮವಾರ ಹೋಗಿ ಕೂತೆ. ಬೆಂಚು, ಕರಿಹಲಗೆ, ಹಾಜರಿ ಪುಸ್ತಕ, ಎಲ್ಲಾ ಇತ್ತು. ಕಿಟಕಿಯ ಆಚೆ ಒಂದು ಒಳ್ಳೆಯ ಹುಣಸೆ ಮರವೂ ಇತ್ತು, ಕೈಗೆಟಕುವ ಎತ್ತರದಲ್ಲಿ ಮೊದಲ ಕವಲು. ಹೆಬ್ಬೆರಳು ತುರಿಸಿತು. ಮೊಣಕಾಲನ್ನು ಕೇಳಿದೆ, ಒಪ್ಪಲಿಲ್ಲ. ಪುಸ್ತಕ ತೆರೆದು ಕೂತೆ.